ನೀರು ಅಲುಗಿದರೆ ಸೂರ್ಯ ಅಲುಗುತ್ತಾನೆಯೇ?

ಬೆಂಗಳೂರಿನ ಪಶ್ಚಿಮಕ್ಕೆ, ಹೊರ ವರ್ತುಲ ರಸ್ತೆಗೆ ಒತ್ತಿಕೊಂಡಿರುವ ಲಗ್ಗೆರೆಯಲ್ಲಿ ಬೆಳಕಿನ ಕಲೆ ನೋಡಲು ಟಿಕೆಟ್ ಬೇಕಿಲ್ಲ. ಬಡಾವಣೆಯವರು ಅಣ್ಣಮ್ಮ ದೇವಿಯನ್ನು ಕರೆತಂದು ಕೂರಿಸಿದಾಗ, ಗಣೇಶನ ಹಬ್ಬಕ್ಕೆ, ನವೆಂಬರ್‌ನ ರಾಜ್ಯೋತ್ಸವಕ್ಕೆ ರಸ್ತೆಯ ತುದಿಯಲ್ಲಿ ಆಳೆತ್ತರ ಮೀರಿದ ಲೈಟಿಂಗ್ ಬೋರ್ಡ್ ಏಳುತ್ತದೆ. ದೇವಿಯ ತಲೆಯ ಹಿಂದೆ ಪ್ರಭಾವಳಿ ಗರಗರ ತಿರುಗುತ್ತದೆ, ನವಿಲು ಗರಿ ಬಿಚ್ಚುತ್ತದೆ, ಸಿಂಹ ಬಾಲ ಆಡಿಸುತ್ತದೆ. ಇಷ್ಟೆಲ್ಲ ಆದರೂ ಬೋರ್ಡಿನಲ್ಲಿ ಒಂದೇ ಒಂದು ಬಲ್ಬು ಜಾಗ ಬಿಟ್ಟು ಕದಲಿರುವುದಿಲ್ಲ. ಒಂದು ಆರುತ್ತದೆ, ಪಕ್ಕದ್ದು ಹತ್ತುತ್ತದೆ. ಚಲನೆ ಹುಟ್ಟುವುದು ನೋಡುವವರ ತಲೆಯೊಳಗೆ. ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟೈಮರ್ 1912ರಲ್ಲಿ ಪ್ರಕಟಿಸಿದ ಪ್ರಯೋಗಗಳು ಹೇಳಿದ್ದೂ ಇದನ್ನೇ.

ಹಗಲಲ್ಲಿ ಅದೇ ಲಗ್ಗೆರೆಯ ಓಣಿಗಳಲ್ಲಿ ಇನ್ನೊಂದು ಬಗೆಯ ಬೆಳಕು ಕಾಣಸಿಗುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ಈ ಭಾಗದ ತುಂಬ ಸಣ್ಣ ಸಣ್ಣ ವರ್ಕ್‌ಶಾಪುಗಳು: ಲೇತ್, ಪೌಡರ್ ಕೋಟಿಂಗ್, ಬಫಿಂಗ್. ಬಫಿಂಗ್ ಮುಗಿದ ಸ್ಟೀಲ್ ತಗಡನ್ನು ಬಾಗಿಲ ಪಕ್ಕ ಒರಗಿಸಿಟ್ಟರೆ ಬಿಸಿಲು ಅದಕ್ಕೆ ತಾಗಿ ಎದುರು ಗೋಡೆಗೆ ಹಾರುತ್ತದೆ. ಟೆಂಪೊ ಹಾದುಹೋದರೆ ನೆಲ ಅದುರಿ ತಗಡು ಮಿಡಿಯುತ್ತದೆ, ಗೋಡೆಯ ಮೇಲಿನ ಬೆಳಕು ಅತ್ತಿತ್ತ ಜಿಗಿಯುತ್ತದೆ. ಇಲ್ಲಿ ನಿಜವಾಗಿಯೂ ಏನೋ ಕದಲಿದೆ. ಆದರೆ ಏನು? ಸೂರ್ಯನೇ, ತಗಡೇ, ಗೋಡೆಯ ಮೇಲಿನ ಬೆಳಕೇ?

ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಶತಮಾನಗಳ ವಾದದ ಇತಿಹಾಸವಿದೆ. ಅದ್ವೈತದ ಶೃಂಗೇರಿಯಲ್ಲೂ ದ್ವೈತದ ಉಡುಪಿಯಲ್ಲೂ ಇದಕ್ಕೆ ಕೊಟ್ಟ ಉತ್ತರಗಳು ಬೇರೆ ಬೇರೆ. ಜಗತ್ತಿನ ಗ್ಯಾಲರಿಗಳಲ್ಲಿ ಕಳೆದ ನೂರು ವರ್ಷಗಳಿಂದ ಕಲಾವಿದರು ಕನ್ನಡಿ, ಮೋಟಾರು, ಮಂಜು, ನೀರು ಹಿಡಿದು ಕೇಳುತ್ತಿರುವುದೂ ಇದೇ ಪ್ರಶ್ನೆ. ಅಂಥ ಕಲಾಪ್ರದರ್ಶನ ನಡೆದಾಗಲೆಲ್ಲ ಪತ್ರಿಕೆಗಳಲ್ಲಿ ‘ಮಾಯಾಲೋಕ’ ಎಂಬ ತಲೆಬರಹ ಬಂದೇ ಬರುತ್ತದೆ. ಆ ಪದ ಇಲ್ಲಿ ಸಲ್ಲುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಬೇಕಾಗಿದೆ.

ಮೊದಲು ತಗಡಿನ ಕತೆ. ಫ್ಯಾಕ್ಟರಿಯಿಂದ ಬಂದ ಸ್ಟೇನ್‌ಲೆಸ್ ಸ್ಟೀಲ್ ಸಾಮಾನ್ಯವಾಗಿ ಮಂಕಾಗಿರುತ್ತದೆ. ವೆಲ್ಡಿಂಗ್ ಗಂಟಿದ್ದರೆ ಮೊದಲು ಗ್ರೈಂಡಿಂಗ್. ಆಮೇಲೆ ಎಮರಿ, ಒರಟಿನಿಂದ ನುಣುಪಿಗೆ ಮೆಟ್ಟಿಲು ಮೆಟ್ಟಿಲಾಗಿ. ನಂತರ ನಾರಿನ ಚಕ್ರ, ಕೊನೆಗೆ ಬಟ್ಟೆಯ ಚಕ್ರ. ತಿರುಗುವ ಚಕ್ರಕ್ಕೆ ಹಸಿರು ಕಾಂಪೌಂಡಿನ ಗಟ್ಟಿಯನ್ನು ಒತ್ತಿ, ಅದರ ಮೇಣವೂ ಕ್ರೋಮಿಯಂ ಆಕ್ಸೈಡಿನ ಪುಡಿಯೂ ಬಟ್ಟೆಗೆ ಹಿಡಿದ ಮೇಲೆ ಲೋಹವನ್ನು ಒಡ್ಡುತ್ತಾರೆ. ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ನಿಂತ ಕೆಲಸಗಾರನ ಹುಬ್ಬಿನವರೆಗೂ ಕರಿ ಧೂಳು. ಕೆಲಸ ಮುಗಿಯಿತೋ ಇಲ್ಲವೋ ಎಂದು ತಿಳಿಯಲು ತಗಡನ್ನು ಓರೆ ಮಾಡಿ ಮೇಲಿನ ದೀಪದ ಬಿಂಬ ನೋಡುತ್ತಾರೆ. ಬಿಂಬದ ಗೆರೆ ಎಲ್ಲಿ ಸೊಟ್ಟಗಾಯಿತೋ ಅಲ್ಲಿ ಕೈ ತಪ್ಪಿದೆ ಎಂದರ್ಥ. ಬೆಳಕಿನ ಅಲೆಯ ಉದ್ದ ಹೆಚ್ಚೂಕಡಿಮೆ 0.4ರಿಂದ 0.7 ಮೈಕ್ರಾನ್. ಮೇಲ್ಮೈಯ ಗೀರುಗಳು ಅದಕ್ಕಿಂತ ಸಣ್ಣವಾಗುವ ತನಕ ಸವೆಸಿದರೆ ಲೋಹ ಕನ್ನಡಿಯಾಗುತ್ತದೆ. ಅಂದರೆ ಕನ್ನಡಿ ಮಾಡುವವನು ಬೆಳಕನ್ನು ಹೊಸದಾಗಿ ತಂದು ಸೇರಿಸುವುದಿಲ್ಲ, ಅಡ್ಡಿಯನ್ನು ತೆಗೆಯುತ್ತಾನೆ.

ಇದೇ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದರೆ ಷಿಕಾಗೊದ ‘ಕ್ಲೌಡ್ ಗೇಟ್’ ಆಗುತ್ತದೆ. ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರ್ ರೂಪಿಸಿದ ಈ ಶಿಲ್ಪದಲ್ಲಿ 168 ಸ್ಟೀಲ್ ಫಲಕಗಳಿವೆ. 10 ಮೀಟರ್ ಎತ್ತರ, 20 ಮೀಟರ್ ಉದ್ದ. 2004ರಲ್ಲೇ ಜನರಿಗೆ ಕಂಡರೂ ಬೆಸುಗೆಯ ಗೆರೆಗಳನ್ನೆಲ್ಲ ಸವೆಸಿ ಹೊಳಪು ಕೊಟ್ಟು ಮುಗಿಯುವ ಹೊತ್ತಿಗೆ 2006 ಬಂದಿತ್ತು. ಅದರ ಎದುರು ನಿಂತವರಿಗೆ ಕಾಣುವುದು ಆಕಾಶ, ಕಟ್ಟಡಗಳು, ತಾವು. ಉಕ್ಕು ಮಾತ್ರ ಕಾಣುವುದಿಲ್ಲ.

ಕದಲುವ ಮೇಲ್ಮೈಯ ಕಲೆ ಇನ್ನೂ ಹಳೆಯದು. ಹಂಗೆರಿಯ ಲಾಸ್ಲೊ ಮೊಹೋಲಿ-ನಾಗಿ ರಂಧ್ರ ಕೊರೆದ ಲೋಹದ ತಟ್ಟೆಗಳು, ಗಾಜು, ಸರಳುಗಳನ್ನು ಮೋಟಾರಿಗೆ ಜೋಡಿಸಿ ಒಂದು ಯಂತ್ರ ಮಾಡಿದ. ಅದನ್ನು 1930ರಲ್ಲಿ ಪ್ಯಾರಿಸ್‌ನಲ್ಲಿ ತೋರಿಸಲಾಯಿತು. ಯಂತ್ರಕ್ಕಿಂತ ಮುಖ್ಯವಾದದ್ದು ಅದು ತಿರುಗುವಾಗ ಸುತ್ತಲಿನ ಗೋಡೆಗಳ ಮೇಲೆ ಓಡಾಡುವ ಬೆಳಕು, ನೆರಳು. ಅರ್ಜೆಂಟೀನಾದ ಹೂಲಿಯೊ ಲೆ ಪಾರ್ಕ್ ದಾರದಲ್ಲಿ ತೂಗಿದ ಹೊಳೆಯುವ ಬಿಲ್ಲೆಗಳಿಗೆ ದೀಪ ಹಾಯಿಸಿದ. 1966ರ ವೆನಿಸ್ ಬಿಯೆನಾಲೆಯಲ್ಲಿ ಅವನಿಗೆ ದೊಡ್ಡ ಬಹುಮಾನ ಸಿಕ್ಕಿತು. ಈ ಕಲೆಯ ಹಿಂದಿರುವ ಲೆಕ್ಕ ಸರಳ. ಕನ್ನಡಿ 1 ಡಿಗ್ರಿ ತಿರುಗಿದರೆ ಪ್ರತಿಫಲಿಸಿದ ಕಿರಣ 2 ಡಿಗ್ರಿ ತಿರುಗುತ್ತದೆ. 10 ಮೀಟರ್ ದೂರದ ಗೋಡೆಯ ಮೇಲೆ ಅದು ಸುಮಾರು 35 ಸೆಂಟಿಮೀಟರ್ ನೆಗೆತ. ಮೇಲ್ಮೈಯ ಸಣ್ಣ ನಡುಕವನ್ನು ಪ್ರತಿಬಿಂಬ ದೊಡ್ಡದು ಮಾಡಿ ತೋರಿಸುತ್ತದೆ.

ಇನ್ನು ಶೃಂಗೇರಿಯ ಉತ್ತರ. ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯದಲ್ಲಿ ಆತ್ಮಕ್ಕೆ ನೀರಿನಲ್ಲಿ ಕಾಣುವ ಸೂರ್ಯನ ಹೋಲಿಕೆ ಬರುತ್ತದೆ. ಅದರ ಬೆನ್ನಿಗೇ ಆಕ್ಷೇಪವೂ ಬರುತ್ತದೆ: ಸೂರ್ಯನಿಗೆ ರೂಪವಿದೆ, ನೀರು ಅವನಿಂದ ದೂರವಿದೆ, ಆದ್ದರಿಂದ ಪ್ರತಿಬಿಂಬ ಸಾಧ್ಯ; ಆದರೆ ಎಲ್ಲೆಲ್ಲೂ ಇರುವ, ರೂಪವಿಲ್ಲದ ಆತ್ಮ ಯಾವುದರಿಂದ ದೂರ ನಿಂತು ಎಲ್ಲಿ ಪ್ರತಿಬಿಂಬಿಸೀತು? ಇದಕ್ಕೆ ಅದ್ವೈತದ ಶಂಕರಾಚಾರ್ಯರ ಸಮಾಧಾನ ಹೀಗಿದೆ. ಯಾವ ಹೋಲಿಕೆಯೂ ಎಲ್ಲ ಅಂಶದಲ್ಲೂ ಹೊಂದಬೇಕಿಲ್ಲ. ನೀರು ಹೆಚ್ಚಿದರೆ ಪ್ರತಿಬಿಂಬ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ, ಅಲುಗಿದರೆ ಅಲುಗುತ್ತದೆ, ಒಡೆದರೆ ಒಡೆಯುತ್ತದೆ. ಇದಾವುದೂ ಸೂರ್ಯನಿಗೆ ತಟ್ಟುವುದಿಲ್ಲ. ಹೋಲಿಕೆ ಅಷ್ಟಕ್ಕೇ ಸೀಮಿತ. ಲಗ್ಗೆರೆಯ ಗೋಡೆಯ ಮೇಲೆ ಜಿಗಿದ ಬೆಳಕಿಗೂ ಈ ವಿವರಣೆ ಅಷ್ಟರ ಮಟ್ಟಿಗೆ ಒಪ್ಪುತ್ತದೆ.

ಆದರೆ ಅದ್ವೈತದಲ್ಲಿ ಇನ್ನೊಂದು ಉದಾಹರಣೆಯೂ ಇದೆ. ಶಂಕರರ ಪರಮಗುರು ಗೌಡಪಾದರ ಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ ‘ಅಲಾತಶಾಂತಿ’ ಎಂದೇ ಹೆಸರು. ಉರಿಯುವ ಕೊಳ್ಳಿಯನ್ನು ಕತ್ತಲಲ್ಲಿ ಬೀಸಿದರೆ ಬೆಂಕಿಯ ಚಕ್ರ ಕಾಣುತ್ತದೆ, ನಿಲ್ಲಿಸಿದರೆ ಚಕ್ರವಿಲ್ಲ. ಆ ಚಕ್ರ ಎಲ್ಲಿಂದಲೂ ಬರಲಿಲ್ಲ, ಎಲ್ಲಿಗೂ ಹೋಗಲಿಲ್ಲ. ಅಣ್ಣಮ್ಮನ ಹಿಂದೆ ತಿರುಗುವ ಎಲ್‌ಇಡಿ ಪ್ರಭಾವಳಿ ಈ ಜಾತಿಗೆ ಸೇರಿದ್ದು. ಕೊಳ್ಳಿಯ ಚಕ್ರವೂ ನೀರಿನ ಸೂರ್ಯನೂ ಒಂದೇ ಎಂದು ಹೇಳುವುದು ಅವಸರದ ಮಾತು. ಚಕ್ರಕ್ಕೆ ಹೊರಗಿನ ಜಗತ್ತಿನಲ್ಲಿ ಆಧಾರವಾದ ಚಕ್ರವಿಲ್ಲ. ನೀರಿನ ಸೂರ್ಯನಿಗೆ ಮೇಲೆ ಒಬ್ಬ ಸೂರ್ಯನಿದ್ದಾನೆ. ಎರಡನ್ನೂ ಒಂದೇ ‘ಮಾಯೆ’ಯ ಚೀಲಕ್ಕೆ ತುಂಬುವುದು ರೂಢಿಯಾಗಿದೆ.

14ನೇ ಶತಮಾನದಲ್ಲಿ ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರ ಹೆಸರಿನಲ್ಲಿರುವ ‘ಪಂಚದಶಿ’ ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿದೆ. ಅದರ ‘ಚಿತ್ರದೀಪ’ ಪ್ರಕರಣ ನಾಲ್ಕು ಆಕಾಶಗಳನ್ನು ಹೇಳುತ್ತದೆ: ಬಯಲಿನದು, ಮಡಕೆಯೊಳಗಿನದು, ಮಡಕೆಯ ನೀರಿನಲ್ಲಿ ಮೋಡ-ನಕ್ಷತ್ರ ಸಮೇತ ಕಾಣುವುದು, ಮೋಡದ ಹನಿಗಳಲ್ಲಿ ಪ್ರತಿಬಿಂಬಿಸಿರಬೇಕೆಂದು ಊಹಿಸುವುದು. ಜೀವ ಮೂರನೆಯದರಂತೆ. ಅದೇ ಗ್ರಂಥದ ‘ನಾಟಕದೀಪ’ ಪ್ರಕರಣದಲ್ಲಿ ರಂಗದ ಮೇಲಿನ ದೀಪ ಯಜಮಾನನನ್ನೂ ಸಭಿಕರನ್ನೂ ನರ್ತಕಿಯನ್ನೂ ಒಂದೇ ಸಮನೆ ಬೆಳಗುತ್ತದೆ, ಅವರೆಲ್ಲ ಎದ್ದುಹೋದ ಮೇಲೂ ಉರಿಯುತ್ತಿರುತ್ತದೆ. ಬೆಳಕಿನ ಇನ್‌ಸ್ಟಲೇಷನ್ ಮಾಡುವ ಯಾವ ಕಲಾವಿದನೂ ಓದಬೇಕಾದ ಪುಟಗಳಿವು. ಅಲ್ಲಿ ಪ್ರೇಕ್ಷಕನೂ ಬೆಳಗಲ್ಪಡುವ ವಸ್ತುವೇ.

ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ 2003ರ ಅಕ್ಟೋಬರ್‌ನಿಂದ 2004ರ ಮಾರ್ಚ್‌ವರೆಗೆ ಪ್ರೇಕ್ಷಕನೂ ಬೆಳಗಲ್ಪಡುವುದು ಬೇರೆ ರೀತಿಯಲ್ಲಿ ಜನರ ಅನುಭವಕ್ಕೆ ಬಂತು. ಕಲಾವಿದ ಓಲಾಫರ್ ಎಲಿಯಾಸನ್, ಹಿಂದೆ ವಿದ್ಯುತ್ ಸ್ಥಾವರವಾಗಿದ್ದ ಆ ಗ್ಯಾಲರಿಯ ಭಾರಿ ಹಜಾರದಲ್ಲಿ ಒಂದು ಸೂರ್ಯನನ್ನು ಮೂಡಿಸಿದ. ಸುಮಾರು 200 ಹಳದಿ ದೀಪಗಳು, ತೆಳು ಮಂಜು, ಚಾವಣಿಯ ಉದ್ದಕ್ಕೂ ಕನ್ನಡಿ ಹಾಳೆ. ದೀಪಗಳಿದ್ದದ್ದು ಅರ್ಧ ವೃತ್ತದ ಪರದೆಯ ಹಿಂದೆ. ಸೂರ್ಯನ ಮೇಲಿನ ಅರ್ಧ ಇದ್ದದ್ದು ಕನ್ನಡಿಯಲ್ಲಿ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು. ಎಷ್ಟೋ ಮಂದಿ ನೆಲದ ಮೇಲೆ ಅಂಗಾತ ಮಲಗಿ, ಚಾವಣಿಯಲ್ಲಿ ಚುಕ್ಕೆಯಷ್ಟಾಗಿ ಕಾಣುವ ತಮ್ಮತ್ತ ತಾವೇ ಕೈ ಬೀಸಿದರು. ಕನ್ನಡಿಯ ಅಂಚುಗಳು, ಹಿಂದಿನ ದೀಪಗಳು ಯಾವುದನ್ನೂ ಎಲಿಯಾಸನ್ ಮುಚ್ಚಿಡಲಿಲ್ಲ. ಹಿಂದೆ ಹೋಗಿ ನೋಡಬಹುದಿತ್ತು. ಗುಟ್ಟು ತಿಳಿದ ಮೇಲೂ ಯಾರೂ ಎದ್ದುಹೋಗಲಿಲ್ಲ. ಅದ್ವೈತದ ಪ್ರಸಿದ್ಧ ಉದಾಹರಣೆಯಲ್ಲಿ, ಹಗ್ಗವೆಂದು ತಿಳಿದ ಕೂಡಲೇ ಹಾವು ಮಾಯವಾಗುತ್ತದೆ. ಕನ್ನಡಿಯೆಂದು ತಿಳಿದರೂ ಪ್ರತಿಬಿಂಬ ಮಾಯವಾಗುವುದಿಲ್ಲ. ಅದ್ವೈತಿಗಳೂ ಈ ವ್ಯತ್ಯಾಸವನ್ನು ಬಲ್ಲರು. ಕನ್ನಡಿ ಇರುವಷ್ಟು ಹೊತ್ತು ಪ್ರತಿಬಿಂಬ ಉಳಿಯುವುದನ್ನು ಅವರು ಉಪಾಧಿಯ, ಎಂದರೆ ಪ್ರತಿಬಿಂಬ ಮೂಡಲು ಆಸರೆಯಾದ ವಸ್ತುವಿನ, ಲೆಕ್ಕಕ್ಕೆ ಹಾಕುತ್ತಾರೆ.

ಉಡುಪಿಯ ವಾದ ಶುರುವಾಗುವುದು ಇಲ್ಲಿಂದ. 13ನೇ ಶತಮಾನದ ಮಧ್ವಾಚಾರ್ಯರೂ ಜೀವನನ್ನು ಹರಿಯ ಪ್ರತಿಬಿಂಬ ಎಂದೇ ಕರೆದರು. ಆದರೆ ಪ್ರತಿಬಿಂಬ ಎಂದ ಮಾತ್ರಕ್ಕೆ ಸುಳ್ಳು ಎಂದು ಅವರು ಒಪ್ಪಲಿಲ್ಲ. ಬಿಂಬಕ್ಕಿಂತ (ಎಂದರೆ ಮೂಲ ವಸ್ತುವಿಗಿಂತ) ಬೇರೆಯಾಗಿರುವುದು, ಬಿಂಬಕ್ಕೆ ಅಧೀನವಾಗಿರುವುದು, ಬಿಂಬವನ್ನು ಒಂದಿಷ್ಟು ಹೋಲುವುದು: ಪ್ರತಿಬಿಂಬದ ಲಕ್ಷಣ ಇಷ್ಟೇ. ಕನ್ನಡಿ ಒಡೆದರೆ ಜೀವವೂ ಅಳಿಯಬೇಕಲ್ಲ ಎಂಬ ಪ್ರಶ್ನೆಗೆ ಅವರ ಸಂಪ್ರದಾಯದಲ್ಲಿ ಬರುವ ದೃಷ್ಟಾಂತ ಸೊಗಸಾಗಿದೆ. ಪ್ರತಿಬಿಂಬದಲ್ಲಿ ಎರಡು ಬಗೆ, ಹೊರಗಿನ ಉಪಾಧಿಯುಳ್ಳದ್ದು ಮತ್ತು ಇಲ್ಲದ್ದು. ಜೀವ ಎರಡನೆಯದು, ಸೂರ್ಯನಿಗೆ ಕಾಮನಬಿಲ್ಲು ಇದ್ದಂತೆ.

ಕಾಮನಬಿಲ್ಲನ್ನು ಇಂದಿನ ಭೌತವಿಜ್ಞಾನ ಹೇಗೆ ವಿವರಿಸುತ್ತದೆ ನೋಡಿ. ಬೀಳುತ್ತಿರುವ ಪ್ರತಿ ಹನಿಯೊಳಗೂ ಬಿಸಿಲು ಬಾಗಿ ನುಗ್ಗುತ್ತದೆ, ಹಿಂಬದಿಯ ಗೋಡೆಗೆ ತಾಗಿ ಪ್ರತಿಫಲಿಸುತ್ತದೆ, ಮತ್ತೆ ಬಾಗಿ ಹೊರಬರುತ್ತದೆ. ಸೂರ್ಯನಿಗೆ ಬೆನ್ನು ಹಾಕಿ ನಿಂತವನಿಗೆ ಸುಮಾರು 42 ಡಿಗ್ರಿ ಕೋನದಲ್ಲಿ ಬಿಲ್ಲು ಕಾಣುತ್ತದೆ. ಒಂದೊಂದು ಹನಿ ಬಣ್ಣ ಕೊಡುವುದು ಕ್ಷಣಮಾತ್ರ. ಅದು ಜಾರಿದ ಜಾಗಕ್ಕೆ ಮೇಲಿನ ಹನಿ ಬರುತ್ತದೆ. ಹನಿಗಳೆಲ್ಲ ಬೀಳುತ್ತಿವೆ, ಬಿಲ್ಲು ನಿಂತಿದೆ. ಪಕ್ಕದಲ್ಲಿ ನಿಂತವರಿಗೆ ಕಾಣುವ ಬಿಲ್ಲು ಬೇರೆ ಹನಿಗಳದ್ದು. ಹನಿಗಳನ್ನೇ ಉಪಾಧಿ ಎನ್ನಬಹುದಲ್ಲ ಎಂದು ವಿಜ್ಞಾನಿ ಕೇಳಿದರೆ ತಪ್ಪಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು. ಆದರೂ ಇಂಥದೇ ಒಂದು ಹನಿಗೆ ಬಿಲ್ಲು ಕಟ್ಟುಬಿದ್ದಿಲ್ಲ, ಸೂರ್ಯನಿಗೆ ಮಾತ್ರ ಪೂರ್ತಿ ಕಟ್ಟುಬಿದ್ದಿದೆ ಎಂಬಲ್ಲಿ ದೃಷ್ಟಾಂತ ಗಟ್ಟಿಯಾಗಿ ನಿಲ್ಲುತ್ತದೆ. ಎಲಿಯಾಸನ್ 1993ರಲ್ಲಿ ಮಾಡಿದ ‘ಬ್ಯೂಟಿ’ ಎಂಬ ಕೃತಿಯಲ್ಲಿರುವುದು ಕತ್ತಲ ಕೋಣೆ, ಮೇಲಿನಿಂದ ಇಳಿಯುವ ತುಂತುರು, ಒಂದು ದೀಪ. ನೋಡುವವರು ಹೆಜ್ಜೆ ಬದಲಿಸಿದಂತೆ ಬಣ್ಣ ಮೂಡುತ್ತದೆ, ಮಾಸುತ್ತದೆ. ಅವನು ಮಧ್ವರನ್ನು ಓದಿರಬೇಕೆಂದಿಲ್ಲ. ಒಂದೇ ವಸ್ತುವನ್ನು ಆಳವಾಗಿ ನೋಡಿದ ಇಬ್ಬರೂ ಅಕ್ಕಪಕ್ಕ ಬಂದು ನಿಂತಿದ್ದಾರೆ.

ಪ್ರತಿಫಲನವನ್ನು ತೆಗೆದುಹಾಕಿದರೆ ಏನು ಉಳಿಯುತ್ತದೆ ಎಂದು ಕೇಳಿದವರೂ ಇದ್ದಾರೆ. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂದು ಭೌತವಿಜ್ಞಾನಿ ಲಾರ್ಡ್ ರ್‍ಯಾಲೆ ಹೇಳಿದ್ದ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ನಿಕೋಲ್ ಪಟ್ಟಕದ ಮೂಲಕ ನೀರನ್ನು ನೋಡಿದರು. ಸರಿಯಾದ ಕೋನದಲ್ಲಿ ಹಿಡಿದರೆ ಮೇಲ್ಮೈಯ ಪ್ರತಿಫಲನವನ್ನು ಆ ಪಟ್ಟಕ ತಡೆಹಿಡಿಯುತ್ತದೆ. ಆಕಾಶದ ಬಿಂಬ ಹೋಯಿತು, ನೀಲಿ ಇನ್ನಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿದ್ದವು. ಮುಂದೆ ಮಲ್ಲೇಶ್ವರದಲ್ಲಿ ನೆಲೆಸಿ, 1948ರಲ್ಲಿ ಬೆಂಗಳೂರಿನಲ್ಲಿ ತಮ್ಮ ಸಂಶೋಧನಾಲಯ ತೆರೆದ ರಾಮನ್‌ರ ಈ ಪರೀಕ್ಷೆ ತತ್ತ್ವಶಾಸ್ತ್ರದವರಿಗೂ ಬೇಕಾದದ್ದು. ಮೇಲ್ಮೈ ಖಾಲಿ ಪಾತ್ರೆಯಲ್ಲ, ಅದಕ್ಕೂ ಸ್ವಂತದ ಒಂದು ಬಣ್ಣವಿದೆ.

ಪ್ರತಿಬಿಂಬ ಸುಳ್ಳೇ ಎಂಬ ವಾದಕ್ಕೆ ಪೂಜೆಯ ವಿಧಿಗಳು ಕೈಯಾರೆ ಉತ್ತರ ಕೊಟ್ಟಿವೆ. ಬಣ್ಣ ಬಳಿದ, ಮಣ್ಣಿನ ಅಥವಾ ಚಿತ್ರದ ದೇವರಿಗೆ ನೀರು ಹೊಯ್ಯುವಂತಿಲ್ಲ. ಎದುರಿಗೆ ಕನ್ನಡಿ ಇಟ್ಟು, ಅದರಲ್ಲಿ ಕಾಣುವ ಬಿಂಬಕ್ಕೆ ಸ್ನಾನ ಮಾಡಿಸುತ್ತಾರೆ. ಪ್ರತಿಬಿಂಬ ಬರೀ ಸುಳ್ಳಾಗಿದ್ದರೆ ಆ ನೀರು ಯಾರಿಗೂ ಸಂದಂತಾಗುತ್ತಿರಲಿಲ್ಲ. ತಿರುಮಲದ ಕನ್ನಡಿ ಮಂಟಪದಲ್ಲಿ ಉತ್ಸವಮೂರ್ತಿ ಮಲಯಪ್ಪ ಸ್ವಾಮಿಯನ್ನು ಉಯ್ಯಾಲೆಯಲ್ಲಿಟ್ಟು ತೂಗುವ ಡೋಲೋತ್ಸವದಲ್ಲಿ ಒಂದು ತೂಗಿಗೆ ಸುತ್ತಲಿನ ಬಿಂಬಗಳೆಲ್ಲ ತೂಗುತ್ತವೆ. ಕರ್ನಾಟಕದಿಂದ ಹೋಗುವ ಭಕ್ತರು ಅದನ್ನು ಕಣ್ತುಂಬಿಕೊಂಡು ಬರುತ್ತಾರೆ. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು 1927ರಲ್ಲಿ ಕೇರಳದ ಕಳವಂಕೋಡದಲ್ಲಿ ಪ್ರತಿಷ್ಠೆ ಮಾಡಿದ್ದು ಒಂದು ಕನ್ನಡಿಯನ್ನು. ದೇವಸ್ಥಾನದ ಬಾಗಿಲೇ ಮುಚ್ಚಿದ್ದ ಜಾತಿಗಳವರಿಗೆ ಗರ್ಭಗುಡಿಯಲ್ಲಿ ತಮ್ಮದೇ ಮುಖ ಕಾಣುವಂತೆ ಮಾಡಿದ ಆ ಕೆಲಸದ ರಾಜಕೀಯ ತೂಕ ಇವತ್ತಿಗೂ ಕಡಿಮೆಯಾಗಿಲ್ಲ.

ಲಿಂಗಾಯತರ ಶಿವಯೋಗದಲ್ಲಿ ಈ ಮೇಲ್ಮೈ ಅಂಗೈಯಷ್ಟೇ ದೊಡ್ಡದು. ಇಷ್ಟಲಿಂಗದ ಕರಿಯ ನುಣುಪು ಲೇಪದ ಮೇಲೆ ದೀಪದ ಬೆಳಕು ಚುಕ್ಕೆಯಾಗಿ ಹೊಳೆಯುತ್ತದೆ. ಎಡಗೈಯಲ್ಲಿ ಲಿಂಗ ಹಿಡಿದು, ರೆಪ್ಪೆ ಮಿಟುಕಿಸದೆ ಆ ಚುಕ್ಕೆಯನ್ನೇ ನೋಡುವುದು ಸಾಧನೆ. ಕೈ ನಡುಗಿದರೆ ಚುಕ್ಕೆ ನಡುಗುತ್ತದೆ. ಇಲ್ಲಿ ಕದಲುವ ಮೇಲ್ಮೈ ಸಾಧಕನ ಮೈಯೇ. ಗ್ಯಾಲರಿಯ ಕಲಾವಿದ ಮೋಟಾರು ಹಾಕಿ ಚಲನೆ ತರುತ್ತಾನೆ. ಶಿವಯೋಗಿಗೆ ಚಲನೆ ತಾನಾಗಿ ಒದಗಿದೆ, ಅವನು ಅದನ್ನು ನಿಲ್ಲಿಸಲು ಕೂತಿದ್ದಾನೆ.

ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ತೂರಿ ಲಿಂಗವನ್ನು ಮುಟ್ಟುವುದು ಎಲ್ಲರಿಗೂ ಗೊತ್ತು. ವಿ.ಪಿ. ಜಯಂತ್, ಕೆ. ಸುದೀಶ್ ಮತ್ತು ಜವಾಹರಲಾಲ್ ನೆಹರು ತಾರಾಲಯದ ಬಿ.ಎಸ್. ಶೈಲಜಾ 2008ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಸ್ಪರ್ಶ ವರ್ಷಕ್ಕೆ ಎರಡು ಸಲ, ಜನವರಿ 13ರಿಂದ 16 ಮತ್ತು ನವೆಂಬರ್ 26ರಿಂದ ಡಿಸೆಂಬರ್ 2ರ ನಡುವೆ ನಡೆಯುತ್ತದೆ. ಇಂಗ್ಲಿಷ್ ಚಿತ್ರಕಾರರಾದ ಡ್ಯಾನಿಯಲ್ ಬಂಧುಗಳು 1792ರಲ್ಲಿ ಬರೆದ ಚಿತ್ರಗಳೊಂದಿಗೆ ಹೋಲಿಸಿದಾಗ ಆಗಿನ ಗುಡಿಯಲ್ಲಿ ಕಟ್ಟಡಗಳು ಕಡಿಮೆಯಿದ್ದವು, ಬೆಳಕು ಬೀಳುವ ಕಾಲವೂ ಬೇರೆಯಿತ್ತು ಎಂದು ತಿಳಿಯಿತು. ಗೋಡೆ ಸೇರಿದಂತೆ ಬೆಳಕಿನ ಹಬ್ಬದ ತಾರೀಕೇ ಬದಲಾಗಿದೆ. 2021ರ ಸಂಕ್ರಾಂತಿಯಂದು ಮೋಡ ಕವಿದು ಕಿರಣ ಲಿಂಗಕ್ಕೆ ತಾಗಲಿಲ್ಲ. ಅಪಶಕುನವೆಂದು ಕೆಲವರು ಕಂಗಾಲಾದರು, ಟಿವಿಯಲ್ಲಿ ಚರ್ಚೆ ನಡೆಯಿತು. ಶಂಕರರ ಮಾತಿನ ಬೆಳಕಿನಲ್ಲೂ ಮಧ್ವರ ಮಾತಿನ ಬೆಳಕಿನಲ್ಲೂ ಅಲ್ಲಿ ಕಂಗಾಲಾಗುವಂಥದ್ದೇನೂ ಇರಲಿಲ್ಲ. ಮೇಲ್ಮೈಗೆ ಬೆಳಕು ತಲುಪದಿದ್ದರೆ ಕೊರತೆ ಮೇಲ್ಮೈಯದು; ಸೂರ್ಯ ತನ್ನ ಪಾಡಿಗೆ ಮುಳುಗಿದ.

ಹಾಗಾದರೆ ‘ಮಾಯಾಲೋಕ’ ಎಂಬ ತಲೆಬರಹ ಎಲ್ಲಿ ಸಲ್ಲುತ್ತದೆ? ಓಡುವಂತೆ ತೋರುವ ಲೈಟಿಂಗ್ ಬೋರ್ಡಿಗೆ ಬೇಕಾದರೆ ಸಲ್ಲಲಿ. ಕನ್ನಡಿ, ನೀರು, ಹೊಳಪಿನ ಲೋಹಗಳ ಕಲೆಗೆ ಅದು ತಪ್ಪು ಹೆಸರು. ಶೃಂಗೇರಿ ಮತ್ತು ಉಡುಪಿ ಮೋಕ್ಷದ ವಿಷಯದಲ್ಲಿ ಎಷ್ಟೇ ದೂರವಿದ್ದರೂ ಪ್ರತಿಬಿಂಬ ಇನ್ನೊಂದನ್ನು ನೆಚ್ಚಿಕೊಂಡಿದೆ ಎಂಬ ವಿಷಯದಲ್ಲಿ ಎರಡೂ ಒಂದೇ ಕಡೆ ಇವೆ. ಗೋಡೆಯ ಮೇಲೆ ಆಡುವ ಬೆಳಕಿಗೆ ಪೂರ್ತಿಯಾಗಿ ಹೊಂದುವ ವಿವರಣೆ ಮಾತ್ರ ಉಡುಪಿಯದು. ಅದು ಇದೆ, ಅಳೆಯಲು ಬರುತ್ತದೆ, ಸ್ವಂತ ಕಾಲ ಮೇಲೆ ನಿಂತಿಲ್ಲ.

ಈ ಅಧೀನತೆಯನ್ನು ಒಪ್ಪಿದ ಮೇಲೆ ಅದು ಯಾವುದಕ್ಕೆ, ಯಾರಿಗೆ ಎಂದೂ ಹೇಳಬೇಕಾಗುತ್ತದೆ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಕಲಾವಿದೆ ಶೀಲಾ ಗೌಡ 2006ರ ‘ಡಾರ್ಕ್‌ರೂಮ್’ ಕೃತಿಯನ್ನು ಡಾಂಬರು ಡ್ರಮ್ಮುಗಳಿಂದ ಕಟ್ಟಿದರು. ಒಳಗೆ ತೂರಿಕೊಂಡವರಿಗೆ ತೂತುಗಳ ಬೆಳಕು ನಕ್ಷತ್ರಗಳಂತೆ ಕಂಡರೆ, ಹೊರಗೆ ನಿಂತವರಿಗೆ ರಸ್ತೆ ಕೂಲಿಗಳು ಅಂಥ ಡ್ರಮ್ಮುಗಳಲ್ಲೇ ಕಟ್ಟಿಕೊಳ್ಳುವ ಗುಡಿಸಲು ನೆನಪಾಗುತ್ತದೆ. ಬೆಳಕು ಯಾರ ದುಡಿಮೆಯ ಮೇಲೆ ನಿಂತಿದೆ ಎಂಬುದನ್ನು ಆ ಕೃತಿ ಮರೆಮಾಚುವುದಿಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ತೆರೆದ ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯದ ಹೊರಮೈ ಸ್ಟೀಲ್ ಫಲಕಗಳದ್ದು. ಹೊಳಪಿನ ಲೋಹ ಈಗ ಈ ನಗರದ ಕಲೆಯ ಮೈಯೇ ಆಗುತ್ತಿದೆ.

ನಮ್ಮ ದೇವಸ್ಥಾನಗಳಲ್ಲಿ ಟ್ಯೂಬ್‌ಲೈಟ್ ಕೊಟ್ಟವರು ಅದರ ಮೇಲೇ ‘ಸೇವಾರ್ಥ’ ಎಂದು ತಮ್ಮ ಹೆಸರು ಬರೆಸುವುದುಂಟು. ಅಕ್ಷರಗಳ ದಪ್ಪಕ್ಕೆ ಅರ್ಧ ಬೆಳಕು ಹೊರಗೇ ಬರುವುದಿಲ್ಲ ಎಂದು ಎಲ್ಲರೂ ನಗುತ್ತಾರೆ. ಗ್ಯಾಲರಿಗಳು ಆ ಪದ್ಧತಿಯ ಒಳ್ಳೆಯ ಅರ್ಧವನ್ನು ತೆಗೆದುಕೊಳ್ಳಬಹುದು. ಇನ್ನು ಮುಂದೆ ಬೆಂಗಳೂರಿನಲ್ಲಿ ಕನ್ನಡಿ ಲೋಹದ ಕೃತಿಯೊಂದು ಪ್ರದರ್ಶನಕ್ಕೆ ಬಂದಾಗ ಪಕ್ಕದ ಫಲಕದಲ್ಲಿ ಕಲಾವಿದರ ಹೆಸರಿನ ಕೆಳಗೆ, ಆ ತಗಡಿಗೆ ಬಫಿಂಗ್ ಮಾಡಿದವರ ಹೆಸರೂ ಊರೂ ಇರಲಿ. ಪೀಣ್ಯ, ಲಗ್ಗೆರೆ ಎಂದು ಅಚ್ಚು ಹಾಕಿಸಲು ಹೆಚ್ಚು ಖರ್ಚಾಗುವುದಿಲ್ಲ.